ಘಾಟಿ ಹತ್ತುವ ಮೊದಲು ಟ್ಯಾಪೆಟ್, ಟೈಮಿಂಗ್ ನೋಡಿ

ಗೆಳೆಯರೇ, ಭಾನುವಾರ ಸೋಮೇಶ್ವರಕ್ಕೆ ಇಳಿದು ವಾಪಸ್ ಆಗುಂಬೆ ಘಾಟಿ ಹತ್ತಬೇಕು. 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ತರುವವರು ಮೊದಲು ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು), ಆಮೇಲೆ ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗಿನ ಕಾಂಟ್ಯಾಕ್ಟ್ ಪಾಯಿಂಟ್ ಸಂದು), ಕೊನೆಗೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ನೋಡಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಅದಕ್ಕೇ ಈ ಕ್ರಮ.

ಟ್ಯಾಪೆಟ್‌ಗೆ ಒಂಬತ್ತರ ಲೆಕ್ಕ ಸುಲಭ: ತೆರೆದ ವಾಲ್ವ್, ಹೊಂದಿಸುವ ವಾಲ್ವ್, ಎರಡರ ನಂಬರ್ ಕೂಡಿದರೆ ಒಂಬತ್ತು. 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದನ್ನು ಹೊಂದಿಸಿ, 3 ತೆರೆದಾಗ 6, ಹೀಗೇ ಎಂಟೂ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಸ್ವಲ್ಪ ಹಿಡಿದಂತೆ ಜಾರಬೇಕು. ಸದ್ದು ಬರಬಾರದು ಅಂತ ಸುಮ್ನೆ ಬಿಗಿ ಮಾಡಿಸಬೇಡಿ. ಸ್ವಲ್ಪ ಟಿಕ್‌ಟಿಕ್ ಅಂದರೆ ಕಿವಿಗಷ್ಟೇ ಕಿರಿಕಿರಿ, ಬಿಗಿಯಾದರೆ ಎಕ್ಸಾಸ್ಟ್ ವಾಲ್ವೇ ಸುಟ್ಟುಹೋಗುತ್ತದೆ.

ಟೈಮಿಂಗ್ ಲೈಟ್ (ಟೈಮಿಂಗ್ ನೋಡುವ ಮಿನುಗು ದೀಪ) ಹಿಡಿಯುವಾಗ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಳಚಿ, ಪೈಪಿನ ಬಾಯಿ ಮುಚ್ಚಿಡಿ. ಏರಿನಲ್ಲಿ ಎಂಜಿನ್ ಕಿಣಿಕಿಣಿ ಅಂದರೆ ಟೈಮಿಂಗ್ ಜಾಸ್ತಿ ಮುಂದಿರಬಹುದು (ಕಿಡಿ ಬೇಗ ಹಾರುತ್ತಿರಬಹುದು), ಸ್ವಲ್ಪ ಹಿಂದೆ ತನ್ನಿ. ಫೀಲರ್ ಗೇಜ್ ಇಲ್ಲದವರು ಶನಿವಾರ ಬನ್ನಿ, ನನ್ನದು ಕೊಡುತ್ತೇನೆ.