ನಿನ್ನ ಪತ್ರದ ಆ ಒಂದು ಸಾಲು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧಕ್ಕಾಗಿ ಇಂಗ್ಲೆಂಡಿನಲ್ಲಿ ಚರ್ಚಿನ ಹುದ್ದೆಗಳ ಮಾರಾಟವನ್ನು ತಡೆಯಲು ಬಂದ ಕಾನೂನುಗಳನ್ನು ಓದುತ್ತ ಓದುತ್ತ, ‘ಕಾಯ್ದೆಯ ಕೈಗೆ ಸಿಗದಂತೆ ಮಾಡಿದ್ದೆಲ್ಲ ಸರಿಯೆಂದೇ ಕಾಣತೊಡಗಿದೆ, ಹೆದರಿಕೆಯಾಗುತ್ತದೆ’ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ದಾಟಿ ಮುಂದಕ್ಕೆ ಓದಲು ನನ್ನಿಂದ ಆಗಲಿಲ್ಲ.

ಆ ಕಾನೂನಿನ ಹೆಣಿಗೆಯೇ ಹಾಗಿತ್ತು. ಮೊದಲನೆಯ ಎಲಿಜಬೆತ್ ರಾಣಿಯ ಆಳ್ವಿಕೆಯ 31ನೆಯ ವರ್ಷದ ಕಾಯ್ದೆಯು ಹಣ ಪಡೆದು ಮಾಡಿದ ನೇಮಕವನ್ನು ಅಸಿಂಧುಗೊಳಿಸಿ, ಹುದ್ದೆಯ ಒಂದು ವರ್ಷದ ಆದಾಯದ ಎರಡರಷ್ಟು ದಂಡ ವಿಧಿಸಿ, ಆ ಸರದಿಯ ನೇಮಕವನ್ನು ರಾಜಸತ್ತೆಗೆ ಒಪ್ಪಿಸಿತು. ಆದರೆ ಪಾದ್ರಿಯ ಹೆಸರು ಸೂಚಿಸುವ ಹಕ್ಕು, ಅವರು ಅಡ್ವೌಸನ್ ಎನ್ನುವುದು, ಹೊಲಮನೆಗಳಂತೆ ಆಸ್ತಿಯಾಗಿಯೇ ಉಳಿಯಿತು. ಹುದ್ದೆ ತೆರವಾದ ಮೇಲೆ ಆ ಸರದಿಯನ್ನು, ಎಂದರೆ ಆ ಒಂದು ಸಲ ಹೆಸರು ಸೂಚಿಸುವ ಹಕ್ಕನ್ನು, ಮಾರಿದರೆ ಸೈಮನಿ, ಅಂದರೆ ಚರ್ಚಿನ ಹುದ್ದೆಯನ್ನು ಮಾರಿದ ಅಪರಾಧವಾಗುತ್ತಿತ್ತು. ಮುದಿ ಪಾದ್ರಿ ಇನ್ನೂ ಉಸಿರಾಡುತ್ತಿರುವಾಗ ಮಾರಿದರೆ ಬರಿಯ ವ್ಯವಹಾರವಾಗುತ್ತಿತ್ತು! ಪಾದ್ರಿಗಳು ತಮಗಾಗಿ ಮುಂದಿನ ಸರದಿಯನ್ನು ಕೊಳ್ಳಬಾರದೆಂದು 1713ರ ಕಾಯ್ದೆ ಹೇಳಿದಾಗ, ಹಣವುಳ್ಳವರು ಶಾಶ್ವತ ಹಕ್ಕನ್ನೇ ಕೊಂಡುಕೊಂಡರು. ಹೀಗಿರುವಾಗ ನಿನಗೆ ಹೆದರಿಕೆಯಾಗದಿದ್ದರೆ ನನಗೆ ಹೆಚ್ಚು ಕಳವಳವಾಗುತ್ತಿತ್ತು.

ರಾಜೀನಾಮೆಯ ಬಾಂಡುಗಳ ವಿಷಯ ಓದಿದಾಗಲಂತೂ ನನಗೆ ನನ್ನದೇ ಮುಖ ಕಂಡಂತಾಯಿತು. ಕೇಳಿದಾಗ ಹುದ್ದೆ ಬಿಡುವುದಾಗಿಯೂ ತಪ್ಪಿದರೆ ಇಂತಿಷ್ಟು ಹಣ ತೆರುವುದಾಗಿಯೂ ನೇಮಕದ ಹಕ್ಕುದಾರರು ಪಾದ್ರಿಯಿಂದ ಬರೆಸಿಕೊಳ್ಳುತ್ತಿದ್ದ ಈ ಕಾಗದಗಳನ್ನು ನ್ಯಾಯಾಲಯಗಳು ಬಹುಕಾಲ ಮಾನ್ಯಮಾಡಿದವು; 1783ರಲ್ಲಿ ಲಂಡನ್ನಿನ ಬಿಷಪ್ ಮತ್ತು ಫಿಚ್ ಅವರ ನಡುವಣ ಮೊಕದ್ದಮೆಯಲ್ಲಿ, ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಾರ್ಡ್ಸ್ ಸಭೆ ಅವನ್ನು ತಳ್ಳಿಹಾಕಿತು. ಅಂಥ ಕಾಗದಗಳನ್ನು ಬರೆದುಕೊಟ್ಟ ವಕೀಲರೂ ಇದ್ದರಲ್ಲವೇ? ನಾನು ವಕೀಲಿ ಬಿಟ್ಟದ್ದು ನಿನಗೆ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಕಾಲೇಜೊಂದರ ಅಧ್ಯಾಪಕ ಹುದ್ದೆಗೆ ಕೊಟ್ಟ ಹಣವನ್ನು ‘ಕಟ್ಟಡ ನಿಧಿಗೆ ಸ್ವಇಚ್ಛೆಯ ದೇಣಿಗೆ’ ಎಂದು ಬರೆದವನು ನಾನೇ ಎಂಬುದು ಮಾತ್ರ ನಿನಗೆ ಗೊತ್ತಿಲ್ಲ. ಯಾವ ಕಲಮಿಗೂ ಸಿಗದ ಆ ವಾಕ್ಯದ ಬಗ್ಗೆ ಅಂದು ನನಗೆ ಹೆಮ್ಮೆಯಿತ್ತು. ಆ ಹುದ್ದೆಯ ಆಸೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದ ಬಡ ಹುಡುಗನೊಬ್ಬನಿದ್ದ. ಅವನನ್ನು ನಾನು ಯೋಚಿಸಲೇ ಇಲ್ಲ. ನಿನಗಾಗುತ್ತಿರುವ ಹೆದರಿಕೆ ನನಗೆ ಆಗಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ ತೀರ್ಪುಗಳ ಜೊತೆಗೆ ಆಯಾ ಊರಿನ ಜನರ ದೂರುಗಳು ದಾಖಲೆಗಳಲ್ಲಿ ಸಿಕ್ಕರೆ ಓದು. ಸರದಿಗಳ ಮಾರಾಟವನ್ನೂ, ಜಮೀನಿನಿಂದ ಬೇರ್ಪಡಿಸಿದ ಅಡ್ವೌಸನ್ನುಗಳ ಹರಾಜನ್ನೂ ನಿಲ್ಲಿಸಲು 1898ರ ಕಾಯ್ದೆಯೇ ಬರಬೇಕಾಯಿತು. ಅಷ್ಟು ಕಾಲ ಆ ಊರವರ ಪಾದ್ರಿಯನ್ನು ಯಾರು ಆರಿಸಿದರೆಂದು ಪ್ರತಿ ಮೊಕದ್ದಮೆಯಲ್ಲೂ ಕೇಳಿಕೋ. ರಾತ್ರಿ ಬಹಳ ಹೊತ್ತು ಕೂರಬೇಡ, ಇದು ಸಣ್ಣ ಮಾತಾಯಿತು, ಕ್ಷಮಿಸು. ಆ ಸಾಲನ್ನು ನಿನ್ನ ಗುರುಗಳಿಗೂ ತೋರಿಸು. ಪ್ರಬಂಧದಲ್ಲಿ ಅದಕ್ಕೆ ಜಾಗವಿಲ್ಲವೆಂದು ಅವರು ಹೇಳಿದರೆ ನನಗೆ ಬರೆ.

ಇಂತು,
ನಿನ್ನ ದೊಡ್ಡಪ್ಪ