ಒಬಲುವಾಯೆ ಬಗ್ಗೆ ಬರೆದು ಹಾಕುವವರಿಗೆ

ಸದಸ್ಯರೇ, ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಸಿಡುಬಿನ ದೇವರು ಒಬಲುವಾಯೆ ಬಗ್ಗೆ ಪೋಸ್ಟ್ ಹಾಕುವ ಮುನ್ನ ಇದನ್ನು ಓದಿಕೊಳ್ಳಿ. ಶೋಪೊನ ಎಂಬ ಇವನ ಇನ್ನೊಂದು ಹೆಸರನ್ನು ಭಕ್ತರು ಸುಮ್ಮನೆ ಬಾಯಿಗೆ ತರುವುದಿಲ್ಲ. ಕರೆದರೆ ರೋಗವೇ ಬಂದೀತೆಂಬ ಭಯ. ಶೀರ್ಷಿಕೆಯಲ್ಲಿ ಒಬಲುವಾಯೆ ಎಂದೇ ಇರಲಿ. ‘ಆಫ್ರಿಕಾದ ಮಾರಮ್ಮ’ ದಯವಿಟ್ಟು ಬೇಡ. ಇವನು ಗಂಡು ದೇವರು, ರೋಗ ಕೊಡುವವನೂ ತೆಗೆಯುವವನೂ ಇವನೇ.

ಫೋಟೊದಲ್ಲಿ ಮುಖ ಮುಚ್ಚುವ ನಾರಿನ ಹೊದಿಕೆ, ಕೈಯಲ್ಲಿ ಕವಡೆ ಪೋಣಿಸಿದ ಕಡ್ಡಿಕಟ್ಟು (ಶಶರ) ಕಂಡರೆ ಅದು ಇದೇ ದೇವರ ಬ್ರೆಜಿಲ್ ರೂಪ, ಒಮೊಲು. ಊರುಗೋಲು, ನಾಯಿಗಳಿದ್ದರೆ ಕ್ಯೂಬಾ ರೂಪ, ಬಬಲು ಆಯೆ; ಅಲ್ಲಿ ಇವನನ್ನು ಕ್ರೈಸ್ತರ ಸಂತ ಲಾಜರಸ್ ರೂಪದಲ್ಲಿ ಕಾಣುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ: ಈ ಲಾಜರಸ್ ಯೇಸು ಸಾವಿನಿಂದ ಎಬ್ಬಿಸಿದ ಲಾಜರಸ್ ಅಲ್ಲ, ಯೇಸು ಹೇಳಿದ ಸಾಮತಿಯಲ್ಲಿ (ನೀತಿಕಥೆಯಲ್ಲಿ) ಬರುವ, ಮೈತುಂಬ ಹುಣ್ಣಿನ ಭಿಕ್ಷುಕ. ಹವಾನಾ ಬಳಿಯ ಎಲ್ ರಿಂಕೋನ್‌ಗೆ ಇವನ ಹೆಸರಲ್ಲಿ ನಡೆಯುವ ಯಾತ್ರೆ ಡಿಸೆಂಬರ್ 17ಕ್ಕೆ.

ಬ್ರೆಜಿಲ್‌ನಲ್ಲಿ ನೈವೇದ್ಯ ಮೆಕ್ಕೆಜೋಳದ ಅರಳು, ಉಪ್ಪು ಹಾಕುವಂತಿಲ್ಲ. ಕೆಲವೆಡೆ ಎಣ್ಣೆ ಹಾಕದೆ ಬಿಸಿ ಮರಳಲ್ಲೇ ಹುರಿದು ಜರಡಿ ಹಿಡಿಯುತ್ತಾರೆ. ಮರಳು ತೇವವಿದ್ದರೆ ಶಾಖ ಏರದು, ಕಾಳು ಅರಳದೆ ಗಟ್ಟಿಯಾಗಿ ಉಳಿಯುತ್ತದೆ.

ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಪೂಜೆ ಈಗಲೂ ನಡೆಯುತ್ತಿದೆ, ಆದ್ದರಿಂದ ‘ಪೂಜಿಸುತ್ತಿದ್ದರು’ ಎಂದು ಬರೆಯಬೇಡಿ.