ಫ್ರೀಜರಿನಲ್ಲಿದ್ದ ಪುಸ್ತಕಗಳು ಮತ್ತು ಪಕ್ಕದಂಗಡಿಯ ಇಚ್ಚ

ನಮ್ಮ ಕನ್ನಡ ಪುಸ್ತಕದಂಗಡಿಯಲ್ಲಿ ಶನಿವಾರ ಇಟ್ಟುಕೊಂಡಿದ್ದ ಪತ್ತೇದಾರಿ ಕಾದಂಬರಿಗಳ ಕಾರ್ಯಕ್ರಮ ಮುಗಿಯಿತು. ಕುರ್ಚಿ ಮಡಚಿ, ನೆಲ ಒರೆಸಿ, ಉಳಿದ ಪುಸ್ತಕ ಎಣಿಸಿ ಮನೆ ಸೇರುವಾಗ ರಾತ್ರಿ ಹತ್ತೂವರೆ. ಅವತ್ತೇ ನಾಲ್ಕು ಮಾತು ಬರೆಯಬೇಕು ಅಂತಿದ್ದೆ. ಕೂತಲ್ಲೇ ನಿದ್ದೆ ಬಂತು. ಇವತ್ತು ಹೊರಗೆ ಒಳ್ಳೆ ಬಿಸಿಲು, ಅಂಗಡಿಯಲ್ಲಿ ಗಿರಾಕಿ ಕಮ್ಮಿ. ಹಾಗಾಗಿ ಬರೆಯುತ್ತಿದ್ದೇನೆ.

ಅದಕ್ಕೆ ಐದು ದಿನ ಮೊದಲು, ಸೋಮವಾರ ರಾತ್ರಿ, ಅಂಗಡಿಗೆ ನೀರು ನುಗ್ಗಿದ್ದು ನಿಮಗೆಲ್ಲ ಗೊತ್ತೇ ಇದೆ. ಫೋಟೋ ನೋಡಿದ್ದೀರಿ. ಯಾಕೆ ನುಗ್ಗಿತು, ಎಷ್ಟು ಹೋಯಿತು, ಯಾರನ್ನು ಬೈಯಬೇಕು ಎಂದೆಲ್ಲ ಮತ್ತೆ ಕೊರೆಯುವುದಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಹೇಗೆ ಹೊಡೆಯುತ್ತದೆ ಅಂತ ಕಾಸರಗೋಡಿನವರಿಗೆ ನಾನು ಹೇಳಬೇಕೇ?

ಮುಂಗಡ ಕೇಳದೆ ಬೆಂಗಳೂರಿನಿಂದ ಹೊಸ ಬಂಡಲ್ ಕಳಿಸಿದ ಇಬ್ಬರು ಪ್ರಕಾಶಕರಿಗೆ, ಅದನ್ನು ಬಸ್ಸಿನಿಂದ ಇಳಿಸಿ ಹೊತ್ತು ತಂದ ಹುಡುಗರಿಗೆ, ಮಾಳಿಗೆಯ ಹಾಲನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಟ್ಯೂಷನ್ ಟೀಚರಿಗೆ, ನೀರ್ಚಾಲಿನಿಂದ ಬೈಕಿನಲ್ಲಿ ಎರಡು ಟೇಬಲ್ ಫ್ಯಾನ್ ಕಟ್ಟಿಕೊಂಡು ಬಂದ ಓದುಗರಿಗೆ, ಕಾರ್ಯಕ್ರಮ ಮುಂದೂಡೋಣವೇ ಎಂದು ಕೇಳಿದಾಗ "ಬೇಡ, ನಾವು ಬಂದೇ ಬರುತ್ತೇವೆ" ಎಂದ ಮೂವರು ಲೇಖಕರಿಗೆ ತುಂಬಾ ಥ್ಯಾಂಕ್ಸ್. ಎಲ್ಲರನ್ನೂ ಒಂದೇ ಸಾಲಿನಲ್ಲಿ ಮುಗಿಸಿದಳಲ್ಲ ಎಂದು ಬೇಜಾರು ಮಾಡಬೇಡಿ. ಇವತ್ತಿನ ಬರಹ ಇಚ್ಚನಿಗೆ.

ಇಚ್ಚ ಯಾರು ಅಂತ ನಮ್ಮ ಓಣಿಗೆ ಬಂದವರಿಗೆಲ್ಲ ಗೊತ್ತು. ಪಕ್ಕದ ಕೂಲ್‌ಬಾರಿನವರು, ಅಂದರೆ ಜ್ಯೂಸ್, ಐಸ್‌ಕ್ರೀಮ್ ಅಂಗಡಿಯವರು. ನನ್ನ ಅಂಗಡಿಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ಒಂಬತ್ತು ವರ್ಷದಿಂದ ಅವರ ಮಿಕ್ಸಿ ಸದ್ದು ಕೇಳಿಕೊಂಡೇ ನಾನು ಬಿಲ್ ಬರೆದಿದ್ದೇನೆ. ಅವರ ಅವಿಲ್ ಮಿಲ್ಕ್ ಕುಡಿಯಲು ಬಂದವರಲ್ಲಿ ನಾಲ್ಕು ಜನ ನನ್ನ ಅಂಗಡಿಗೂ ಇಣುಕುತ್ತಾರೆ. ನನ್ನಲ್ಲಿ ಪುಸ್ತಕ ಹುಡುಕಿ ಸುಸ್ತಾದವರು ಅಲ್ಲಿ ಹೋಗಿ ಲೈಮ್ ಸೋಡಾ ಕುಡಿಯುತ್ತಾರೆ. ನಮ್ಮ ಸಂಬಂಧ ಇಷ್ಟೇ ಅಂದುಕೊಂಡಿದ್ದೆ.

ಆ ರಾತ್ರಿ ನಾನು ಮೊದಲು ಫೋನ್ ಮಾಡಿದ್ದು ಮಂಗಳೂರಿನ ಒಬ್ಬರು ಲೈಬ್ರರಿಯನ್ ಮೇಡಂಗೆ. ಅವರಿಗೂ ಎರಡು ಮಾತು ಹೇಳಲೇಬೇಕು. ರಾತ್ರಿ ಹತ್ತೂ ಮುಕ್ಕಾಲಿಗೆ ಫೋನ್ ಎತ್ತಿದರು. ನಾನು ಅಳುವುದಕ್ಕೆ ಬಿಡಲಿಲ್ಲ, ಪಾಠ ಶುರು ಮಾಡಿದರು. ಪೂರ್ತಿ ಒದ್ದೆಯಾದ ಪುಸ್ತಕವನ್ನು ಬಿಡಿಸಬೇಡ, ಹಾಳೆ ಹರಿಯುತ್ತದೆ. ಬಿಸಿಲಿಗೆ ಇಡಬೇಡ, ಹೇರ್ ಡ್ರೈಯರ್ ಹಿಡಿಯಬೇಡ, ಸೊಟ್ಟ ಆಗುತ್ತದೆ. ಅರ್ಧ ಒದ್ದೆಯಾದದ್ದಕ್ಕೆ ಇಪ್ಪತ್ತು ಪುಟಕ್ಕೊಂದು ನೀರು ಹೀರುವ ಕಾಗದ ಇಡು, ನೆಟ್ಟಗೆ ನಿಲ್ಲಿಸು, ಫ್ಯಾನ್ ಗಾಳಿ ಕೊಡು, ಕಾಗದ ಬದಲಾಯಿಸುತ್ತಾ ಇರು. ಎರಡು ದಿನ ದಾಟಿದರೆ ಬೂಸ್ಟು ಹಿಡಿಯುತ್ತದೆ. ಅಷ್ಟರೊಳಗೆ ಒಣಗಿಸಲು ಆಗದ್ದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಡು. ಹೆಪ್ಪುಗಟ್ಟಿದರೆ ಬೂಸ್ಟು ಬೆಳೆಯುವುದಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ನಿಧಾನವಾಗಿ ಒಣಗಿಸಬಹುದು.

ಫ್ರೀಜರ್! ಪುಸ್ತಕಕ್ಕೆ ಫ್ರೀಜರ್ ಎಲ್ಲಿಂದ ತರುವುದು ಅಂತ ಯೋಚಿಸುತ್ತಾ ನಾನು ನೋಡುತ್ತಿದ್ದದ್ದು ಅದೇ ಗೋಡೆಯನ್ನು. ಅಷ್ಟರಲ್ಲಿ ಇಚ್ಚ ಲುಂಗಿ ಎತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಂತ ಮೋಳೇ (ಮಗಳೇ), ಕಡಲು ಒಳಗೆ ಬಂತಾ?"

ಫ್ರೀಜರಿನ ವಿಷಯ ಹೇಗೆ ಕೇಳಿದೆನೋ ನೆನಪಿಲ್ಲ. ಅವರು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೂ ಆಶ್ಚರ್ಯವಿರಲಿಲ್ಲ, ಮೂವತ್ತು ವರ್ಷದಿಂದ ಐಸ್‌ಕ್ರೀಮ್ ಮಾರುವವರ ಹತ್ತಿರ ಕೊಲೆ ಕಾದಂಬರಿಗೆ ಜಾಗ ಕೊಡಿ ಎಂದರೆ? ಅವರು ಹೋಗಿ ದೊಡ್ಡ ಫ್ರೀಜರನ್ನು ಖಾಲಿ ಮಾಡಲು ಶುರು ಮಾಡಿದರು. ರಾತ್ರಿ ಹನ್ನೊಂದು ಗಂಟೆಗೆ, ಆ ಮಳೆಯಲ್ಲಿ, ಆಟೋ ಸ್ಟ್ಯಾಂಡಿನವರಿಗೆಲ್ಲ ಪಿಸ್ತಾ ಐಸ್‌ಕ್ರೀಮ್. ಹಿಂದಿನ ಕ್ವಾರ್ಟರ್ಸಿನ ಮಕ್ಕಳನ್ನು ಎಬ್ಬಿಸಿ ಕೊಟ್ಟರಂತೆ. ಮರುದಿನ ಎಷ್ಟು ನಷ್ಟವಾಯಿತು ಎಂದು ಕೇಳಿದೆ. "ಕರೆಂಟಿಲ್ಲದೆ ಅದು ಹೇಗೂ ಕರಗುತ್ತಿತ್ತು" ಎಂದರು. ಅಪ್ಪಟ ಸುಳ್ಳು. ಅವರ ಜನರೇಟರ್ ರಾತ್ರಿಯಿಡೀ ಓಡುತ್ತಿತ್ತು. ಅದರಿಂದ ವಯರ್ ಎಳೆದೇ ನನ್ನ ಫ್ಯಾನುಗಳನ್ನು ತಿರುಗಿಸಿದ್ದು.

ಇತ್ತ, ಅಂದರೆ ಇಚ್ಚನ ಹೆಂಡತಿ, ಒಂದು ಫ್ಲಾಸ್ಕ್ ಕಟ್ಟಂಚಾಯ (ಹಾಲಿಲ್ಲದ ಚಹಾ) ತಂದರು. ನಾನೊಬ್ಬಳೇ ಹೆಂಗಸು ಇರುವುದು ಬೇಡ ಎಂದು ಇಚ್ಚನೇ ಫೋನ್ ಮಾಡಿ ಕರೆಸಿದ್ದು. ಎರಡು ಗಂಟೆವರೆಗೆ ಪುಸ್ತಕ ಒರೆಸಿ, ಆಮೇಲೆ ಕುರ್ಚಿಯಲ್ಲೇ ನಿದ್ದೆ ಹೋದರು.

ಕಾಗದ ಬೇಕಲ್ಲ. ನಾನು ಹಳೆ ಪತ್ರಿಕೆಗಳನ್ನು ತಂದೆ. ಮೊದಲ ಪುಸ್ತಕದಲ್ಲೇ ಪತ್ರಿಕೆಯ ಶಾಯಿ ಪುಟಕ್ಕೆ ಇಳಿಯಿತು. ಪತ್ತೇದಾರ ಬಾಗಿಲು ಒಡೆದು ಒಳಗೆ ನುಗ್ಗುವ ಪುಟದಲ್ಲಿ ಅಡಕೆ ಧಾರಣೆ, ಅದೂ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಇಚ್ಚ ನೋಡಿ ತಲೆಯಾಡಿಸಿ ಹೋದರು. ಬರುವಾಗ ಅವರ ಕೈತುಂಬಾ ಬಿಳಿ ಟಿಶ್ಯೂ ಪೇಪರಿನ ಕಟ್ಟುಗಳು. ಜ್ಯೂಸ್ ಕುಡಿದವರು ಬಾಯಿ ಒರೆಸುವಂಥದ್ದು. ಶಾಯಿ ಇಲ್ಲ, ನೀರನ್ನು ಗಟಗಟ ಕುಡಿಯುತ್ತದೆ. ಲೈಬ್ರರಿಯನ್ ಮೇಡಂಗೆ ಆಮೇಲೆ ಹೇಳಿದಾಗ ನೂರಕ್ಕೆ ನೂರು ಮಾರ್ಕು ಕೊಟ್ಟರು.

ಹಾಗೆ ಇಬ್ಬರೂ ಎದುರುಬದುರು ಕೂತು ಟಿಶ್ಯೂ ಇಡುತ್ತಿರುವಾಗ ಅವರು ಒಂದು ಪುಸ್ತಕದ ಮುಖಪುಟ ನೋಡಿ, "ಇದು ಡಿಟೆಕ್ಟೀವಾ?" ಅಂತ ಕೇಳಿದರು. ಹೌದು ಎಂದೆ. "ಮಾರ್ಕ್ಸಿನ್ ಹಾಗೆಯಾ?"

ನನಗೆ ಒಂದು ಕ್ಷಣ ತಲೆ ಓಡಲಿಲ್ಲ. ಮಾರ್ಕ್ಸಿನ್ ಅಂದರೆ ಕೋಟ್ಟಯಂ ಪುಷ್ಪನಾಥ್ ಅವರ ಪತ್ತೇದಾರ. ಪುಷ್ಪನಾಥ್ ಚರಿತ್ರೆ ಮೇಷ್ಟ್ರಾಗಿದ್ದುಕೊಂಡು ಮಲಯಾಳದ ಒಂದು ತಲೆಮಾರಿಗೆ ಪತ್ತೇದಾರಿ ಹುಚ್ಚು ಹಿಡಿಸಿದವರು. ಇಚ್ಚ ಹುಡುಗನಾಗಿದ್ದಾಗ ವಾರಪತ್ರಿಕೆಯ ಮುಂದಿನ ಸಂಚಿಕೆಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರಂತೆ. ದುಡ್ಡಿಲ್ಲದಿದ್ದರೆ ಅಂಗಡಿಯವನ ಕಣ್ಣು ತಪ್ಪಿಸಿ ನಿಂತಲ್ಲೇ ಓದುವುದು. ಮಾರ್ಕ್ಸಿನ್ ಚುರುಟು ಹಚ್ಚುವುದನ್ನು ಅವರು ಆ ನೀರಿನ ನಡುವೆ ಎದ್ದು ನಿಂತು ಅಭಿನಯಿಸಿ ತೋರಿಸಿದರು.

ಒಂಬತ್ತು ವರ್ಷ! ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಮಾತಾಡುವ, ಆದರೆ ಮಲಯಾಳ ಮಾತ್ರ ಓದಲು ಬರುವ ಈ ಮನುಷ್ಯ ಗೋಡೆಯಾಚೆ ಇದ್ದರು. ನೀವು ಏನು ಓದುತ್ತೀರಿ ಎಂದು ನಾನು ಒಂದು ದಿನ ಕೇಳಿರಲಿಲ್ಲ. ಓದುಗರೇ ಇಲ್ಲ ಎಂದು ಊರಿಡೀ ದೂರಿಕೊಂಡು ತಿರುಗಿದವಳು ನಾನು. ಕೂಲ್‌ಬಾರಿನವರು, ಇವರೆಂತ ಓದುತ್ತಾರೆ ಅಂತ ಮನಸ್ಸಿನಲ್ಲಿ ಇದ್ದಿರಬೇಕು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅವರಿಗೆ ಕನ್ನಡದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆ ಹೇಳಿದೆ. ನನ್ನಪ್ಪ ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಕಾಲದಲ್ಲಿ ಪುರುಷೋತ್ತಮನಿಗೇ ಕ್ಯೂ. ಇಚ್ಚನಿಗೆ ಹೊಸದು ಬೇಕಿತ್ತು. "ಈ ಒದ್ದೆಯಾದದ್ದರಲ್ಲಿ ಎಂತ ಉಂಟು, ಅದನ್ನು ಓದು." ಮೇಲಿನ ಕಪಾಟಿನಲ್ಲಿ ಒಂದು ಒಣ ಪ್ರತಿ ಉಳಿದಿತ್ತು. ಶನಿವಾರ ಬರಲಿದ್ದ ಮೂವರು ಲೇಖಕರಲ್ಲಿ ಒಬ್ಬರಾದ ನಮ್ಮ ಕಡೆಯ ಮೇಷ್ಟ್ರ ಮೊದಲ ಕಾದಂಬರಿ, ಕೇರಳ-ಕರ್ನಾಟಕದ ತಲಪಾಡಿ ಗಡಿಯಲ್ಲಿ ಹೆಣ ಸಿಗುವ ಕಥೆ. ಅವರು ಟಿಶ್ಯೂ ಬದಲಾಯಿಸುವುದು, ನಾನು ಗಟ್ಟಿಯಾಗಿ ಓದುವುದು.

ಮೂರು ಗಂಟೆ ಹೊತ್ತಿಗೆ ನನ್ನಿಂದ ಆಗಲಿಲ್ಲ. ಹೊಸದಾಗಿ ಬಂದು ಇನ್ನೂ ಕಟ್ಟು ಬಿಚ್ಚದ ಒಂದು ಬಂಡಲನ್ನು ಎತ್ತಿದೆ. ತಳ ಕಿತ್ತು ಎಲ್ಲವೂ ಮುದ್ದೆಯಾಗಿ ಕಾಲಮೇಲೆ ಬಿತ್ತು. ಒದ್ದೆ ನೆಲದಲ್ಲೇ ಕೂತುಬಿಟ್ಟೆ. ಈ ಊರಲ್ಲಿ ಕನ್ನಡ ಪುಸ್ತಕ ಕೊಳ್ಳುವವರು ಎಷ್ಟು ಜನ, ಅವರಲ್ಲಿ ಇಂಥದ್ದನ್ನು ಓದುವವರು ಎಷ್ಟು ಜನ, ನನಗೆ ಯಾರು ಹೇಳಿದ್ದು ಈ ಕೆಲಸ ಮಾಡು ಅಂತ? ಬಾಗಿಲು ಹಾಕುತ್ತೇನೆ ಎಂದೆ. ನಾಲ್ಕೈದು ಸಲ ಹೇಳಿದೆ. ಮನೆಯಲ್ಲಿ ಹೇಳದ ಸಾಲದ ಲೆಕ್ಕವನ್ನೂ ಹೇಳಿದೆ. (ಓದುತ್ತಿರುವ ನಮ್ಮವರಿಗೆ: ಹೌದು, ಉಂಟು. ರಾತ್ರಿ ಮಾತಾಡೋಣ.) ಅಪ್ಪ ಹೋದ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ.

ಇಚ್ಚ ಸಮಾಧಾನ ಮಾಡಲಿಲ್ಲ. ಇನ್ನೊಂದು ಟಿಶ್ಯೂ ಕಟ್ಟು ಒಡೆದರು. ನಾನು ಮುಗಿಸುವವರೆಗೆ ಕಾದು, "ಬಾಗಿಲು ಹಾಕುವುದಾದರೂ ಇದು ಒಣಗಬೇಕಲ್ಲ ಮೋಳೇ. ಒದ್ದೆ ಪುಸ್ತಕ ಯಾರು ತೆಗೆದುಕೊಳ್ಳುತ್ತಾರೆ?" ಎಂದರು. ಆಮೇಲೆ, "ಆ ಇನ್ಸ್‌ಪೆಕ್ಟರ್ ಎಲ್ಲಿವರೆಗೆ ಬಂದ?"

ಬೆಳಗಿನ ಬಾಂಗಿನ ಹೊತ್ತಿಗೆ ನಾವು ಎಂಬತ್ತನೇ ಪುಟದಲ್ಲಿದ್ದೆವು.

ಶನಿವಾರದ ಬಗ್ಗೆ ಬಾರದವರು ಕೇಳುತ್ತಿದ್ದಾರೆ, ಸ್ವಲ್ಪ ಹೇಳುತ್ತೇನೆ. ನಲವತ್ತಮೂರು ಜನ ಬಂದಿದ್ದರು. ಇಲ್ಲಿ ಕೇರಳ ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ, ಆಚೆ ಕರ್ನಾಟಕದಲ್ಲಿ ರಾಜ್ಯೋತ್ಸವ, ಎರಡೂ ಒಂದೇ ದಿನ. 1956ರಿಂದ ನಮ್ಮ ನವೆಂಬರ್ 1 ಹೀಗೇ. ಬೆಂಗಳೂರಿನಿಂದ ಬಂದ ಲೇಖಕಿ ಅದನ್ನೇ ಹಿಡಿದು ಮಾತು ಶುರು ಮಾಡಿದರು. ನಾವು ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಗಳನ್ನೂ ಬರೆದವರು. ಪತ್ತೇದಾರಿ ಎಂದರೆ ಮೂಗು ಮುರಿಯುವ ಇಬ್ಬರು ಸಾಹಿತಿಗಳು ಮುಂದಿನ ಸಾಲಿನಲ್ಲೇ ಇದ್ದರು. ಅವರ ಮುಖ ನೋಡಿ ನನಗೆ ಖುಷಿಯಾಯಿತು, ಕ್ಷಮಿಸಿ.

ಆ ಲೇಖಕಿಯ ಹೊಸ ಕಾದಂಬರಿ ಫೋನಿನಲ್ಲೇ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ದುಡ್ಡು ಹೊಡೆಯುವವರ ಸುತ್ತ ನಡೆಯುತ್ತದೆ. ಮಂಗಳೂರಿನ ಲೇಖಕರದ್ದು ಆಸ್ಪತ್ರೆಯೊಳಗಿನ ಕೊಲೆ. ಎರಡೂ ಚೆನ್ನಾಗಿ ಖರ್ಚಾದವು. ಆದರೆ ಸಭೆ ಬಿಸಿಯಾದದ್ದು ನಮ್ಮ ಮೇಷ್ಟ್ರ ಸರದಿಯಲ್ಲಿ. ಅವರ ಇನ್ಸ್‌ಪೆಕ್ಟರ್ ಎಫ್‌ಐಆರ್‌ನಲ್ಲಿ 302, ಅಂದರೆ ಹಳೆ ದಂಡ ಸಂಹಿತೆಯ ಕೊಲೆ ಸೆಕ್ಷನ್, ಎಂದು ಬರೆಯುತ್ತಾನೆ. ಹಿಂದಿನ ಸಾಲಿನಿಂದ ನಿವೃತ್ತ ಪೊಲೀಸರೊಬ್ಬರು ಎದ್ದು, ಕಥೆ ಯಾವ ವರ್ಷದ್ದು ಎಂದು ಕೇಳಿದರು. 2025 ಎಂದರು ಮೇಷ್ಟ್ರು. ಹಾಗಾದರೆ ತಪ್ಪು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ಆಮೇಲೆ ನಡೆದ ಕೊಲೆಗೆ 103ನೇ ಸೆಕ್ಷನ್. ವಂಚನೆಗೆ 420 ಹೋಗಿ 318. "ಇನ್ನು 420 ಅಂತ ಬೈಯುವುದು ಹೇಗೆ ಸರ್?" ಅಂತ ಒಬ್ಬ ಹುಡುಗ ಕೇಳಿದ.

ಪೊಲೀಸರು ಅಲ್ಲಿಗೇ ಬಿಡಲಿಲ್ಲ. ಕಾದಂಬರಿಯಲ್ಲಿ ಮೂವತ್ತು ಪುಟ ಹೆಣ ಯಾರ ಸರಹದ್ದಿನದ್ದು ಎಂದು ಎರಡು ರಾಜ್ಯದ ಠಾಣೆಗಳ ಜಗಳ ಇದೆ. ಅದರ ಅಗತ್ಯವೇ ಇಲ್ಲ, ಯಾವ ಠಾಣೆಗೆ ಹೋದರೂ ಝೀರೋ ಎಫ್‌ಐಆರ್ ಹಾಕಿ ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲೇ ಉಂಟು ಎಂದರು. ಮೇಷ್ಟ್ರ ಮುಖ ಸಣ್ಣದಾಯಿತು. ಆಗ ಮಂಜೇಶ್ವರದ ಒಬ್ಬರು ಅಕ್ಕ, "ಕಾನೂನು ಹಾಗೆ ಇರಬಹುದು ಸರ್. ಗಡಿಯಲ್ಲಿ ಒಂದು ಸರ್ಟಿಫಿಕೇಟಿಗೆ ನಾವು ಎಷ್ಟು ಓಡಿದ್ದೇವೆ ಗೊತ್ತುಂಟಾ? ಆ ಮೂವತ್ತು ಪುಟ ಹಾಗೇ ಇರಲಿ" ಎಂದರು. ಚಪ್ಪಾಳೆ ಬಿದ್ದದ್ದು ಅದಕ್ಕೇ.

ಒದ್ದೆಯಾಗಿ ಒಣಗಿದ ಪ್ರತಿಗಳನ್ನು ಅರ್ಧ ಬೆಲೆಗೆ ಬೇರೆ ಮೇಜಿನಲ್ಲಿ ಇಟ್ಟಿದ್ದೆ. ಊದಿಕೊಂಡು ಹಪ್ಪಳದ ಹಾಗೆ ಅಲೆ ಅಲೆ ಆಗಿದ್ದವು. ಅವುಗಳಲ್ಲಿ ಇಂಕ್ ಪೆನ್ನಿನ ಸಹಿ ಹರಡುತ್ತಿತ್ತು, ಹಾಗಾಗಿ ಮೂವರಿಗೂ ಬಾಲ್ ಪೆನ್ ಕೊಟ್ಟೆ. ಸಂಜೆಗೆ ಆ ಮೇಜಿನಲ್ಲಿ ಉಳಿದದ್ದು ನಾಲ್ಕು.

ಇಚ್ಚ ಎಲ್ಲರಿಗೂ ಶರಬತ್ ತಂದು ಹಿಂದೆ ನಿಂತಿದ್ದರು. ವೇದಿಕೆಗೆ ಕರೆದೆ, ಬರಲಿಲ್ಲ. ಮೇಷ್ಟ್ರು ಕ್ಲೈಮ್ಯಾಕ್ಸ್ ಬಗ್ಗೆ ಮಾತಾಡಲು ಬಾಯಿ ತೆರೆದದ್ದೇ ಖಾಲಿ ಲೋಟದ ಟ್ರೇ ಹಿಡಿದು ಮೆಟ್ಟಿಲಿಳಿದು ಹೋದರು.

ಅವರ ಫ್ರೀಜರಿನಲ್ಲಿ ಇನ್ನೂ ನನ್ನ ಎಪ್ಪತ್ತು ಪುಸ್ತಕ ಇವೆ. ಹತ್ತು ಹತ್ತೇ ತೆಗೆದು ಒಣಗಿಸುತ್ತಿದ್ದೇನೆ. ಐಸ್‌ಕ್ರೀಮ್ ಪಕ್ಕ ಅದೇನು ಎಂದು ಮಕ್ಕಳು ಕೇಳಿದರೆ, "ಹೆಣ" ಎನ್ನುತ್ತಾರೆ.

ಒಂದು ವಿಷಯ, ದಯವಿಟ್ಟು ಎಲ್ಲರೂ ಗಮನಿಸಿ. ದಿನಾ ರಾತ್ರಿ ಶಟರ್ ಎಳೆದ ಮೇಲೆ ನಾನು ಅವರಿಗೆ ಮೇಷ್ಟ್ರ ಕಾದಂಬರಿ ಓದಿ ಹೇಳುತ್ತಿದ್ದೇನೆ. ಇನ್ನು ನಲವತ್ತು ಪುಟ ಬಾಕಿ ಉಂಟು. ಪುಸ್ತಕ ಮುಗಿಸಿದ ನಿಮ್ಮಲ್ಲಿ ಯಾರೋ ಒಬ್ಬರು ನಿನ್ನೆ ಲೈಮ್ ಸೋಡಾ ಕುಡಿಯುತ್ತಾ, "ಇಚ್ಚ, ಆ ಡ್ರೈವರ್ ಮೇಲೆ ಒಂದು ಕಣ್ಣಿಡಿ" ಅಂದಿರಂತೆ. ಅವರು ರಾತ್ರಿಯಿಡೀ ನಿದ್ದೆ ಮಾಡಿಲ್ಲ. ಭಾನುವಾರದವರೆಗೆ ಕೂಲ್‌ಬಾರಿಗೆ ಹೋದರೆ ಸುಮ್ನೆ ಕುಡಿದು ದುಡ್ಡು ಕೊಟ್ಟು ಬನ್ನಿ.